ಮೊದಲು ಏಟು, ಆಮೇಲೆ ನ್ಯಾಯ

ಚೀನಾ ದೇಶದ ಒಂದು ಸೀಮೆಗೆ ಒಬ್ಬ ರಾಜನಿದ್ದ. ಒಂದು ಬೆಳಿಗ್ಗೆ ಅವನಿಗೆ ಇದ್ದಕ್ಕಿದ್ದ ಹಾಗೆ ಒಳ್ಳೆಯವನಾಗಬೇಕು ಅನ್ನಿಸಿತು. ರಾಜರಿಗೆ ಹಾಗೆ ಅನ್ನಿಸುವುದುಂಟು, ಯಾರೇನು ಮಾಡೋಕಾಗುತ್ತೆ?

"ಇವತ್ತಿನಿಂದ ಈ ರಾಜ್ಯಕ್ಕೆ ನಾನು ರಾಜನಲ್ಲ, ಕಾನೂನೇ ರಾಜ," ಅಂತ ಡಂಗುರ ಹೊಡೆಸಿದ. "ಅನ್ಯಾಯವಾದವರು ಬಂದು ಅರಮನೆ ಬಾಗಿಲಲ್ಲಿರುವ ನಗಾರಿ ಬಾರಿಸಲಿ. ಯಾರೇ ಬಾರಿಸಲಿ, ನಾನೇ ಕೂತು ಅವತ್ತೇ ದೂರು ಕೇಳುತ್ತೇನೆ."

ಜನಕ್ಕೆ ಖುಷಿಯೋ ಖುಷಿ. ಆದರೆ ಕಾನೂನು ಬರೆಯುವ ಕೆಲಸ ಬಿದ್ದದ್ದು ರಾಜನ ಬಾಮೈದ ಗಾವ್ ಲಿನ್‌ಗೆ. ರಾಣಿಯ ತಮ್ಮ ಅನ್ನುವುದು ಬಿಟ್ಟರೆ ಅವನು ಬೇರೇನೂ ಓದಿದವನಲ್ಲ. ಅವನು ಕೊನೆಗೆ ಎರಡು ಸಾಲು ಸೇರಿಸಿದ. ನಗಾರಿ ಬಾರಿಸಿದವರಿಗೆ ಮೊದಲು ಕೂರುವ ಜಾಗಕ್ಕೆ ಬಿದಿರು ಬೆತ್ತದಿಂದ ಮೂವತ್ತು ಏಟು, ಆಮೇಲೆ ವಿಚಾರಣೆ. ದೂರೇ ಇಲ್ಲದೆ ಸುಮ್ಮನೆ ಬಾರಿಸಿದರೆ ಅರವತ್ತು. ರಾಜ ತೂಕಡಿಸುತ್ತಲೇ ಮುದ್ರೆ ಒತ್ತಿದ.

ಕಾನೂನು ಎಲ್ಲರಿಗೂ ಒಂದೇ ನೋಡಿ. ಬಡವನಿಗೂ ಮೂವತ್ತು, ಸಾಹುಕಾರನಿಗೂ ಮೂವತ್ತು. ಸಾಹುಕಾರನಿಗೆ ನಗಾರಿ ಬಾರಿಸುವ ಗರಜೇ ಬೀಳುವುದಿಲ್ಲ, ಅದು ಬೇರೆ ಮಾತು.

ಮೂರು ವರ್ಷವಾಯಿತು. ನಗಾರಿಯೊಳಗೆ ಇಲಿ ಸಂಸಾರ ಹೂಡಿತು.

ಆ ಊರಲ್ಲಿ ಶಾವಿಗೆ ಮಾಡಿ ಮಾರುವ ಸುನ್ ಅಜ್ಜಿ ಅಂತ ಒಬ್ಬಳಿದ್ದಳು. ಅವಳ ಹಿತ್ತಲಿನ ಬಾವಿಯ ನೀರು ಬಲು ಸಿಹಿ. ಗಾವ್ ಲಿನ್ ತನ್ನ ಹೂದೋಟಕ್ಕೆ ಗೋಡೆ ಕಟ್ಟಿಸುವಾಗ ಆ ಬಾವಿಯನ್ನೂ ಒಳಗೆ ಸೇರಿಸಿಕೊಂಡುಬಿಟ್ಟ. ನೀರಿಲ್ಲದೆ ಹಿಟ್ಟು ಕಲಸುವುದು ಹೇಗೆ? ಅಜ್ಜಿಯ ಒಲೆ ಆರಿತು. ಅವಳು ಆಸ್ಥಾನದ ಜಾಣ ಯೆನ್ ತಾವ್‌ನ ಮನೆಗೆ ಹೋದಳು.

"ನಗಾರಿ ಬಾರಿಸಬಾರದೇ ಅಜ್ಜಿ?" ಅಂದ ಯೆನ್ ತಾವ್.

"ಬಾರಿಸಬಹುದಪ್ಪಾ. ಏಟು ತಿಂದ ಮೇಲೆ ದೂರು ಹೇಳೋಕೆ ನಾನು ಉಳಿದಿರಬೇಕಲ್ಲ. ಮೂರನೇ ಏಟಿಗೆ ಬಾವಿಯ ಆಸೆ ಹೋಗುತ್ತೆ, ನಾಲ್ಕನೇದಕ್ಕೆ ಜೀವ."

"ನಿನ್ನ ಬದಲು ಬೇರೆಯವರು ತಿಂದರೆ?"

"ನನಗೋಸ್ಕರ ಏಟು ತಿನ್ನುವಷ್ಟು ಒಳ್ಳೆಯವರು ಈ ಊರಲ್ಲಿ ಯಾರಪ್ಪಾ ಇದ್ದಾರೆ?"

"ಒಳ್ಳೆಯವರು ಯಾಕೆ ಅಜ್ಜಿ? ಜಂಬದವನು ಒಬ್ಬ ಇದ್ದರೆ ಸಾಕು."

ಮಾರನೇ ದಿನ ಸಭೆಯಲ್ಲಿ ಗಾವ್ ಲಿನ್ ಎದೆಯುಬ್ಬಿಸಿ ನಿಂತಿದ್ದ. "ಭಾವಾ, ಮೂರು ವರ್ಷದಿಂದ ನಗಾರಿ ಒಂದು ಸಲವೂ ಸದ್ದು ಮಾಡಿಲ್ಲ. ನಿಮ್ಮ ರಾಜ್ಯದಲ್ಲಿ ಅನ್ಯಾಯ ಅನ್ನೋದೇ ಸತ್ತುಹೋಗಿದೆ."

ರಾಜ ಮೀಸೆ ತೀಡಿದ. ಯೆನ್ ತಾವ್ ಮೆಲ್ಲಗೆ ಕೆಮ್ಮಿದ.

"ನಿಜ ಪ್ರಭು. ಆದರೆ ಊರ ಬಾಯಿ ಕೆಟ್ಟದ್ದು. ನಗಾರಿ ಬಾರಿಸಿದರೂ ಸದ್ದೇ ಬರಲ್ಲವಂತೆ. ಕೋಣನ ಚರ್ಮದ ದುಡ್ಡು ಗಾವ್ ಲಿನ್ ಅವರ ಹೊಟ್ಟೆಗೆ ಹೋಗಿ, ನಗಾರಿಗೆ ಬರೀ ಕಾಗದ ಅಂಟಿಸಿದ್ದಾರಂತೆ. ನಾನು ನಂಬಲಿಲ್ಲ, ಬಿಡಿ."

"ಕಾಗದವಾ?" ಗಾವ್ ಲಿನ್‌ನ ಮುಖ ಕೆಂಡವಾಯಿತು. "ಬಾರಯ್ಯಾ, ತೋರಿಸ್ತೀನಿ."

ದಡದಡನೆ ಬಾಗಿಲಿಗೆ ಹೋದ. ರಾಜನೂ ಎದ್ದ, ಸಭೆಯೂ ಹಿಂದೆ ಬಂತು. ಗಾವ್ ಲಿನ್ ಕೋಲೆತ್ತಿ ಬಾರಿಸಿದ ನೋಡಿ, ಇಲಿಗಳು ದಿಕ್ಕಾಪಾಲಾದವು, ಅರ್ಧ ಊರು ಓಡಿ ಬಂತು.

"ಕೇಳಿಸಿತೇನೋ ಈಗ?"

"ಚೆನ್ನಾಗಿ ಕೇಳಿಸಿತು ಸ್ವಾಮಿ. ಪ್ರಭುಗಳಿಗೂ ಕೇಳಿಸಿತು, ಊರಿಗೂ ಕೇಳಿಸಿತು. ಈಗ ತಮ್ಮ ದೂರು ಏನು?"

"ದೂರಾ? ಸದ್ದು ಬರುತ್ತೆ ಅಂತ ತೋರಿಸಿದ್ದು ಕಣಯ್ಯಾ."

"ಅಯ್ಯೋ, ಹಾಗಾದರೆ ಅರವತ್ತಾಯಿತಲ್ಲ," ಅಂತ ಯೆನ್ ತಾವ್ ಲೊಚಗುಟ್ಟಿದ. "ತಾವೇ ಬರೆದದ್ದು. ಅಕ್ಷರ ಎಷ್ಟು ಮುದ್ದಾಗಿದೆ."

ಗಾವ್ ಲಿನ್ ರಾಜನ ಕಡೆ ತಿರುಗಿದ. "ಭಾವಾ..."

ಸುತ್ತ ಊರೇ ನಿಂತಿತ್ತು. ರಾಜ ಆಕಾಶ ನೋಡಿದ. "ಇಲ್ಲಿ ನಾನು ಯಾರಯ್ಯಾ? ಕಾನೂನೇ ರಾಜ."

ಬೆತ್ತದವನು ಅಂಗಿಯ ತೋಳು ಮೇಲೆ ಮಡಚಿದ. ಯೆನ್ ತಾವ್ ಹತ್ತಿರ ಹೋಗಿ ಪಿಸುಗುಟ್ಟಿದ: "ದೂರು ಅಂತ ಒಂದಿದ್ದರೆ ಮೂವತ್ತಕ್ಕೇ ಮುಗಿಯುತ್ತೆ. ತಮ್ಮ ಹತ್ತಿರ ಇಲ್ಲದಿದ್ದರೆ ಸುನ್ ಅಜ್ಜಿ ಹತ್ತಿರ ಒಂದಿದೆ, ಬಳಸಿದ್ದಲ್ಲ, ಹೊಸದೇ. ಬೇಕಾದರೆ ಸಾಲ ಕೊಡಿಸ್ತೀನಿ."

ಗಾವ್ ಲಿನ್ ಬೆತ್ತ ನೋಡಿದ, ಕೈಮುಗಿದ. "ಪ್ರಭು, ದೂರಿದೆ. ಸುನ್ ಅಜ್ಜಿಯ ಬಾವಿಯನ್ನು ಯಾರೋ ಗೋಡೆಯೊಳಗೆ ಸೇರಿಸಿಕೊಂಡಿದ್ದಾರೆ."

"ಯಾರು?"

"ಯಾರೋ ದೊಡ್ಡವರು."

"ಹೆಸರಿಲ್ಲದ ದೂರು ದೂರಲ್ಲ," ಅಂದ ಯೆನ್ ತಾವ್. "ಅದಕ್ಕೂ ಅರವತ್ತೇ ಇರಬೇಕು."

"ನಾನೇ," ಅಂದ ಗಾವ್ ಲಿನ್, ನೆಲ ನೋಡುತ್ತಾ.

ಆ ಸೀಮೆಯಲ್ಲಿ ತನ್ನ ಮೇಲೆ ತಾನೇ ದೂರು ಕೊಟ್ಟ ಪುಣ್ಯಾತ್ಮ ಅವನೊಬ್ಬನೇ. ಗೋಡೆ ಒಡೆದು ಬಾವಿಯನ್ನು ಅಜ್ಜಿಗೆ ಬಿಟ್ಟುಕೊಡಬೇಕು ಅಂತ ರಾಜ ನಿಂತಲ್ಲೇ ಹೇಳಿದ. ಈ ಸಲ ನ್ಯಾಯ ಮೊದಲಾಯಿತು, ಏಟು ಆಮೇಲೆ ಶುರುವಾಯಿತು. ಐದನೇದಕ್ಕೆ ಗಾವ್ ಲಿನ್ ಕೂಗಿಕೊಂಡ, "ಭಾವಾ, ಇದು ಕಟುಕರ ಕಾನೂನು, ತೆಗೆದು ಹಾಕಿ."

"ಮೂರು ವರ್ಷದಿಂದ ಚೆನ್ನಾಗಿತ್ತಲ್ಲೋ," ಅಂದ ರಾಜ.

"ಇವತ್ತು ಅರ್ಥವಾಯಿತು ಭಾವಾ."

ರಾಜ ಕೈಯೆತ್ತಿ ಬೆತ್ತ ನಿಲ್ಲಿಸಿ, ಆ ಎರಡು ಸಾಲನ್ನು ಅಲ್ಲೇ ಹೊಡೆದುಹಾಕಿಸಿದ. ಗುಂಪಿನಲ್ಲಿದ್ದ ಅಜ್ಜಿ ಕೊಡ ಹುಡುಕಲು ಮನೆಗೆ ಓಡಿದಳು.

"ಯೆನ್ ತಾವ್, ಏನು ಬೇಕೋ ಕೇಳು," ಅಂದ ರಾಜ.

"ಪ್ರಭುಗಳಿಗೆ ಅಡುಗೆ ಬಡಿಸುವ ಮುಂಚೆ ಬಾಣಸಿಗ ಒಂದು ತುತ್ತು ತಿಂದು ತೋರಿಸ್ತಾನೆ. ಕಾನೂನಿಗೂ ಹಾಗೇ ಮಾಡಿ. ಜನಕ್ಕೆ ಬಡಿಸುವ ಮುಂಚೆ, ಬರೆದವನು ಒಂದು ತುತ್ತು ತಿನ್ನಲಿ."

ರಾಜ ಹುಬ್ಬೇರಿಸಿದ. "ಬರೆದವನು ನಾನೇ ಆದರೆ, ನನಗೂ ಬೆತ್ತವೇನೋ?"

"ಛೆ ಛೆ, ಅಷ್ಟೆಲ್ಲ ಯಾಕೆ ಪ್ರಭು? ತಾವು ಸಿಂಹಾಸನದ ಮೇಲೆ ಕೂರುವುದೂ ಬೆತ್ತ ಬೀಳುವ ಅದೇ ಜಾಗದಿಂದಲೇ ಅಂತ, ಬರೆಯುವ ಮುಂಚೆ ಒಂದು ಸಲ ನೆನೆಸಿಕೊಂಡರೆ ಸಾಕು."