ವೀರಗಲ್ಲಿನ ಎದುರು ಮರದ ಅಚ್ಚು

ಕಳ್ಳರಿಂದ ಊರಿನ ದನ ಬಿಡಿಸಲು ಹೋಗಿ ಸತ್ತ ದನಗಾಹಿ ಬೊಮ್ಮಣ್ಣನ ವೀರಗಲ್ಲಿನ ಬುಡದಲ್ಲಿ ಊರವರು ಪಟ ಮುದ್ರಿಸುವ ಒಂದು ಮರದ ಅಚ್ಚನ್ನು ತಂದಿಟ್ಟರು.

"ನಿನ್ನ ಮೈಮೇಲಿರುವ ಕುದುರೆ ಸವಾರ ಯಾರಪ್ಪಾ?" ಎಂದು ಕೇಳಿತು ಕಲ್ಲು.

"ಬೊಮ್ಮಣ್ಣ. ನನ್ನಿಂದ ಅಚ್ಚಾದ ಅವನ ಪಟ ಈಗ ಮನೆಮನೆಯಲ್ಲೂ ಇದೆ."

"ಅವನು ಕುದುರೆ ಹತ್ತಿದವನೇ ಅಲ್ಲ. ನನ್ನಲ್ಲಿ ನೋಡು, ಕೈಯಲ್ಲಿ ಕೋಲು, ಪಕ್ಕದಲ್ಲಿ ಹಸು. ಅವನ ಹೆಂಡತಿ ಎದುರು ಕೂತು ಕೆತ್ತಿಸಿದ್ದು."

ಅಚ್ಚು ನಾಚಿತು. "ನಿಜ ಹೇಳುತ್ತೇನೆ ಅಜ್ಜ. ನನ್ನನ್ನು ಕೊರೆದದ್ದು ನಾಟಕದ ಕರಪತ್ರಕ್ಕೆ. ಅಚ್ಚುಕೂಟದಲ್ಲಿ ದನಗಾಹಿಯ ಚಿತ್ರ ಇರಲಿಲ್ಲ. ನನ್ನನ್ನೇ ಒತ್ತಿ, ಕೆಳಗೆ ಅವನ ಹೆಸರು ಹಾಕಿದರು."

"ಇರಲಿ ಬಿಡು. ಕಾಗದ ಹರಿದುಹೋಗುತ್ತದೆ, ನಾನಿರುತ್ತೇನೆ. ಅದು ಸರಿ, ನಿನ್ನನ್ನು ಇಲ್ಲಿಗೇಕೆ ತಂದರು?"

ಅಚ್ಚಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಬೊಮ್ಮಣ್ಣನ ಮರಿಮಗ ಸಣ್ಣೀರಪ್ಪ, ಶಿಲ್ಪಿ ನಾಗಾಚಾರಿಯನ್ನು ಕರೆದುಕೊಂಡು ಬಂದ.

ನಾಗಾಚಾರಿ ಎರಡನ್ನೂ ನೋಡಿದ. "ಅಚ್ಚಿನಲ್ಲಿ ಕುದುರೆ ಇದೆ, ಕಲ್ಲಿನಲ್ಲಿ ಹಸು ಇದೆಯಲ್ಲ ಸ್ವಾಮಿ?"

"ಹಳೇ ಕಾಲದವರಿಗೆ ಕೆತ್ತೋಕೆ ಬಂದಿಲ್ಲ ಆಚಾರ್ರೇ," ಎಂದ ಸಣ್ಣೀರಪ್ಪ. "ಹುಟ್ಟಿದಾಗಿನಿಂದ ದಿನಾ ಪಟಕ್ಕೆ ಕೈಮುಗಿದವನು ನಾನು. ನಮ್ಮ ಮುತ್ತಜ್ಜ ಹೇಗಿದ್ದ ಅಂತ ನನಗೆ ಗೊತ್ತಿಲ್ಲವೇ? ಅಚ್ಚು ನೋಡಿಕೊಂಡು ಸರಿಮಾಡಿ."

ಉಳಿಯ ಮೊದಲ ಪೆಟ್ಟು ಹಸುವಿನ ಕೊಂಬಿಗೆ ಬಿತ್ತು.