ಮುಳ್ಳಿನ ಹಾಡು ಬೇಡವೆಂದ ಕಂಚುಗಾರ

"ಸಾವಿರ ಮಂದಿ ಚಪ್ಪಾಳಿ ಹೊಡದ್ರ ಅದು ದೊಡ್ಡ ಹಾಡು ಆಗಿಬಿಡ್ತದೇನ್ರಿ, ಅಜ್ಜಾರ?"

ಕೊಟ್ರಯ್ಯ ಇದನ್ನು ಕೇಳಿದನೆನ್ನುವುದಕ್ಕಿಂತ ಒದರಿದನೆನ್ನಬೇಕು. ಮಠದ ಹಿತ್ತಲಲ್ಲಿ ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆ ಎತ್ತಿ ನೋಡಿದರು. ಶಿಷ್ಯನ ಮುಖ ಕೆಂಡವಾಗಿತ್ತು, ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು.

"ಯಾರ ಜೋಡಿ ಕೈ ಮಿಲಾಯಿಸಿ ಬಂದಿ?" ಎಂದರು.

ಕೊಟ್ರಯ್ಯ ಹೇಳಿದ. 'ಹರಕು ಕೌದಿ' ಎಂಬ ನಾಲ್ಕು ಜನರ ಬ್ಯಾಂಡು. ಅವರು ಕಾಲೇಜಿನ ತಗಡಿನ ಶೆಡ್ಡಿನಲ್ಲಿ ನಲವತ್ತು ಜನರ ಮುಂದೆ ಹಾಡುತ್ತಿದ್ದಾಗಿನಿಂದ ಅವನು ಅವರ ಹಿಂದೆ ತಿರುಗಿದವನು. ಮೂರು ವರ್ಷದ ಕೆಳಗೆ ಅವರ 'ಖಾಲಿ ಬಸ್ಸು' ಎಂಬ ಹಾಡು ಬಂತು. ಈಗ ಆಟೋದಲ್ಲಿ ಅದೇ, ಮದುವೆಯಲ್ಲಿ ಅದೇ, ಕಟಿಂಗ್ ಅಂಗಡಿಯಲ್ಲಿ ಅದೇ.

"ಅವರವು ಇನ್ನೂ ಮೂವತ್ತು ಹಾಡು ಅದಾವ್ರಿ. ಒಂದಕ್ಕಿಂತ ಒಂದು ಆಳ. ಈ ಮಂದಿ ಒಂದನ್ನೂ ಕೇಳಿಲ್ಲ. ಬಸ್ಸು, ಬಸ್ಸು, ಬಸ್ಸು! ಆ ಹಾಡಿನ್ಯಾಗ ಏನೈತ್ರಿ, ಮಣ್ಣು? ಅದು ಬಂದ್ರ ಹಾಡುಗಾರ ಹಾಡೂದೂ ಇಲ್ಲ. ಮೈಕ್ ಮಂದಿ ಕಡೆ ಹಿಡದು ಸುಮ್ನ ನಿಂತಿರ್ತಾನ. ಅವಗೂ ಅದು ಸಾಕಾಗೇತಿ."

ಹಾಗಾಗಿ ಅವನೂ ಅವನ ಕಡೆಯ ನಾನೂರು ಜನರೂ ಸಹಿ ಮಾಡಿ ಬ್ಯಾಂಡಿಗೆ ಪತ್ರ ಬರೆದಿದ್ದರು. ಬರುವ ಶನಿವಾರ ನಮ್ಮೂರಿನ ಕಾರ್ಯಕ್ರಮದಲ್ಲಿ 'ಖಾಲಿ ಬಸ್ಸು' ಹಾಡಬೇಡಿ, ನಿಮ್ಮ ನಿಜವಾದ ಹಾಡುಗಳನ್ನು ಹಾಡಿ ಎಂದು. ಬ್ಯಾಂಡಿನವರು ಒಪ್ಪಿದ್ದರು. ಸುದ್ದಿ ತಿಳಿದು, ಆ ಹಾಡೇ ಬೇಕೆನ್ನುವ ಎದುರು ಪಾರ್ಟಿಯವರು ಕಟಿಂಗ್ ಅಂಗಡಿಯಲ್ಲಿ ಇವನನ್ನು ಹಿಡಿದು, ಜಂಬಗಾರರು, ಹೊಟ್ಟೆಕಿಚ್ಚಿನವರು ಎಂದಿದ್ದರು. ಗುಂಡಿ ಹೋದದ್ದು ಅಲ್ಲಿ.

"ಅವರನ್ನ ಖರೇ ಪ್ರೀತಿ ಮಾಡೋರು ನಾವ್ರಿ. ನಮಗ ಹಿಂಗ ಅಂತಾರ! ನ್ಯಾಯ ನೀವ ಹೇಳ್ರಿ."

"ಮೊದಲು ಕೂಡು," ಎಂದರು ಗುರುಗಳು. ಅವರೆಕಾಯಿಯ ಮೊರ ಅವನ ಮುಂದೆ ಸರಿಸಿ, ಹೀಗೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಗಂಟೆ, ಜಾಗಟೆ, ತಾಳ ಎರಕ ಹೊಯ್ಯುವುದು ಅವನ ಕಸುಬು. ಅವನ ಕಿವಿ ಬಲು ಸೂಕ್ಷ್ಮ. ಹೊಸ ಗಂಟೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ, ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಹೇಳಿಬಿಡುತ್ತಿದ್ದ. ಆ ಕಿವಿಯ ಮೇಲೆ ಅವನಿಗೆ ಹೆಮ್ಮೆಯೂ ಇತ್ತು. ಇರಲಿ, ದುಡಿದು ಗಳಿಸಿದ ಹೆಮ್ಮೆ.

ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಆ ಊರಿಗೆ ಐದು ಜನರ ಒಂದು ಮೇಳ ಬರುತ್ತಿತ್ತು. ಮಧ್ಯಾಹ್ನ ಹಾಡಲು ಕೂತರೆ ಸಂಜೆ ದೀಪ ಹಚ್ಚುವವರೆಗೆ ಹಾಡುತ್ತಿದ್ದರು. ಅವರದೊಂದು ನೇಮ. ಒಮ್ಮೆ ತಂಬೂರಿ ಮೀಟಿದ ಮೇಲೆ ದೀಪ ಕಾಣುವತನಕ ಹಾಡು ನಿಲ್ಲಬಾರದು. ಹಾಡುಗಾರ ಏಳಬಾರದು, ನೀರು ಕುಡಿಯಬಾರದು. ಒಂದು ಹಾಡಿನ ಬಾಲ ಹಿಡಿದು ಇನ್ನೊಂದು ಹಾಡು ಬರಬೇಕು.

ಕಂಚುಗಾರ ಈ ಮೇಳವನ್ನು ಮೊದಲು ಕೇಳಿದಾಗ ಊರವರು ಎಂಟು ಜನ ಕೂತಿದ್ದರು, ಎರಡು ನಾಯಿ ಮಲಗಿದ್ದವು. ಅಂದೇ ಅವನು ಮೇಳದ ಹಿರಿಯ ಹಾಡುಗಾರನಿಗೆ ಸೋತುಹೋದ. ಮನೆಗೆ ಓಡಿ, ತಾನೇ ಎರಕ ಹೊಯ್ದ ಒಂದು ಜೊತೆ ತಾಳ ತಂದು ಅವನ ಕೈಗಿಟ್ಟ. ಹಾಡುಗಾರ ಆ ತಾಳವನ್ನು ಮತ್ತೆ ಬದಲಿಸಲಿಲ್ಲ.

ಮೇಳದವರಲ್ಲಿ ನೂರು ಹಾಡುಗಳಿದ್ದವು. ಅವುಗಳಲ್ಲಿ ಬಯಲಿನ ಹಾಡು ಎಂಬುದೊಂದು ಕಂಚುಗಾರನ ಜೀವ. ಅದು ಕಷ್ಟದ ಹಾಡು. ದನಿ ಏರಿ ಏರಿ, ಇನ್ನು ಏರುವ ಜಾಗವಿಲ್ಲ ಎನ್ನುವಲ್ಲಿಂದ ಮತ್ತೊಂದು ಮೆಟ್ಟಿಲು ಏರಬೇಕು. ಹಾಡುಗಾರ ಅದನ್ನು ಕಡೆಗೆ, ದೀಪದ ಹೊತ್ತಿಗೆ ಹಾಡುತ್ತಿದ್ದ. ಅದಕ್ಕಾಗಿ ಕಂಚುಗಾರ ವರ್ಷವಿಡೀ ಕಾಯುತ್ತಿದ್ದ.

ಆದರೆ ಊರು ಕಾಯುತ್ತಿದ್ದದ್ದು ಬೇರೆ ಹಾಡಿಗೆ. ಅದು ಮುಳ್ಳಿನ ಹಾಡು. ಕಾಲಿಗೆ ಮುಳ್ಳು ಚುಚ್ಚಿತು, ಕೂತು ತೆಗೆದೆ, ಎದ್ದು ನಡೆದೆ, ಇಷ್ಟೇ ಅದರ ಮಾತು. ಮೂರು ಸ್ವರದೊಳಗೆ ಮುಗಿಯುವ ಹಾಡು. ಅದು ಯಾವ ಗಳಿಗೆಯಲ್ಲಿ ಜನರ ಬಾಯಿಗೆ ಬಿತ್ತೋ, ಬಾವಿಕಟ್ಟೆಯಲ್ಲಿ ಅದೇ, ಕಣದಲ್ಲಿ ಅದೇ. ಎಂಟು ಜನ ಕೂರುತ್ತಿದ್ದಲ್ಲಿ ಎಂಟು ಊರಿನ ಜನ ಬರತೊಡಗಿದರು. ಹಾಡಿಕೆ ಅರ್ಧ ಹಾದಿಗೆ ಬಂದಾಗ ಮೇಳ ಆ ಹಾಡು ಎತ್ತಿಕೊಂಡಿತೆಂದರೆ ಊರಿಗೆ ಊರೇ ಬಾಯಿಗೂಡಿಸುತ್ತಿತ್ತು.

ಕಂಚುಗಾರನಿಗೆ ಮೈಯೆಲ್ಲ ಉರಿ. ನಿನ್ನೆ ಮೊನ್ನೆ ಬಂದವರು! ಬಯಲಿನ ಹಾಡು ಬರುವ ಹೊತ್ತಿಗೆ ಆಕಳಿಸುವವರು! ಇವರು ಮೇಳವನ್ನು ನಮ್ಮದು ಎನ್ನುವುದೇ? ಅವನಂಥವರು ಇನ್ನೂ ಹತ್ತು ಜನ ಸೇರಿದರು. ಅವರೊಂದು ಪದ್ಧತಿ ಮಾಡಿಕೊಂಡರು. ಮುಂದಿನ ಸಾಲಿನಲ್ಲೇ ಕೂರುವುದು. ಮುಳ್ಳಿನ ಹಾಡು ಶುರುವಾದ ಕೂಡಲೇ ಎಲ್ಲರಿಗೂ ಕಾಣುವಂತೆ ಎದ್ದು, ಕೆರೆ ಏರಿಯ ಆಚೆಗೆ ಹೋಗಿ ಎಲೆ ಅಡಿಕೆ ಹಾಕುವುದು. ಅದು ಮುಗಿದ ಮೇಲೆ ಬಂದು ಕೂರುವುದು. ಎದ್ದು ಹೋಗುವವನೇ ನಿಜವಾದ ರಸಿಕ ಎಂದಾಯಿತು. ಹನ್ನೊಂದು ವರ್ಷ ಹೀಗೆ ಎದ್ದು ಹೋದರು. ಇದಕ್ಕೆ ಪ್ರೀತಿ ಎಂಬ ಹೆಸರು ಬೇರೆ!

ಊರು ಎರಡು ಪಾಲಾಯಿತು. ಒಂದು ವರ್ಷ ಬಾವಿಕಟ್ಟೆಯ ಮೇಲೆ ಈ ಹಾಡಿಗಾಗಿ ಕೊಡಗಳು ಒಡೆದವು, ಮರುದಿನ ಒಬ್ಬನ ತಲೆಯೂ ಒಡೆಯಿತು. ಊರ ಗೌಡ ರೋಸಿಹೋದ. ಮೇಳ ಬಂದ ದಿನ ಬೆಳಿಗ್ಗೆ ಎರಡೂ ಕಡೆಯವರನ್ನು ಕೂರಿಸಿ, ಇವತ್ತು ಇತ್ಯರ್ಥ ಆಗಿಬಿಡಲಿ, ಆ ಹಾಡು ಬೇಕೋ ಬೇಡವೋ ವಾದ ಮಾಡಿರಿ ಎಂದ. ಮೇಳದವರೂ ಒಂದು ಪಕ್ಕದಲ್ಲಿ ಕೂತಿದ್ದರು.

ಕಂಚುಗಾರ ಎದ್ದು ನಿಂತ. ಹನ್ನೊಂದು ವರ್ಷದ ಸಿಟ್ಟು ಅವನ ನಾಲಿಗೆಯ ಮೇಲೆ ಕೂತಿತ್ತು. ಆ ಹಾಡಿನಲ್ಲಿ ಸ್ವರವಿಲ್ಲ ಎಂದ, ಮಾತಿಲ್ಲ ಎಂದ. ಆ ಒಂದರ ಕಾಲ್ತುಳಿತದಲ್ಲಿ ತೊಂಬತ್ತೊಂಬತ್ತು ಹಾಡು ಸಾಯುತ್ತಿವೆ ಎಂದ. ಇಂಥ ಹಾಡುಗಾರನ ಕೈಯಲ್ಲಿ ಅದನ್ನು ಹಾಡಿಸುವುದು ಜಾಗಟೆಯಲ್ಲಿ ಗಂಜಿ ಕುಡಿದಂತೆ ಎಂದ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಆ ಕಡೆಯಿಂದ ಮಜ್ಜಿಗೆ ಮಾರುವವಳೊಬ್ಬಳು ಎದ್ದಳು. ಅವಳಿಗೂ ಸಿಟ್ಟು ಬಂದಿತ್ತು.

"ನಿನಗ ನೂರು ಹಾಡು ಬರ್ತಾವ, ನನಗ ಇದೊಂದ ಬರೂದು. ಇದನ್ನೂ ಕಸಕೊಳ್ತಿಯೇನು?"

"ಒಂದ ಬರೂದು ಹಾಡಿನ ಹೆಚ್ಚುಗಾರಿಕಿ ಅಲ್ಲವ್ವಾ, ನಿನ್ನ ಬಡತನ," ಎಂದ ಕಂಚುಗಾರ.

ಮುಂದಿನ ಸಾಲಿನವರು ಹೋ ಎಂದು ನಕ್ಕರು. ಅವಳು ಕೂತುಬಿಟ್ಟಳು. ಗೌಡ ಹಾಡುಗಾರನ ಕಡೆ ತಿರುಗಿ, ನೀನೇನಂತಿ ಎಂದ. ಹಾಡುಗಾರ ಒಂದು ಗಳಿಗೆ ತನ್ನ ಕೈಯ ತಾಳ ನೋಡಿದ. ಆಮೇಲೆ, ಊರು ಬೇಡ ಅಂದರೆ ಬೇಡ ಎಂದು ಕೈ ಮುಗಿದ. ಕಂಚುಗಾರ ಗೆದ್ದ. ಅವನ ಕಡೆಯವರು ಅವನನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ.

ಮಧ್ಯಾಹ್ನ ತಂಬೂರಿ ಮಿಡಿಯಿತು. ಹಾಡಿನ ಮೇಲೆ ಹಾಡು ಬಂತು. ಅರ್ಧ ಹಾದಿಯಲ್ಲಿ, ಮುಳ್ಳಿನ ಹಾಡು ಬರಬೇಕಾದಲ್ಲಿ, ಹಾಡುಗಾರ ಒಮ್ಮೆ ಜನರನ್ನು ನೋಡಿ ಬೇರೆ ಹಾಡು ಎತ್ತಿಕೊಂಡ. ಕಂಚುಗಾರ ತೊಡೆ ತಟ್ಟಿದ. ಆ ಹಾಡಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಹೊತ್ತು ಇಳಿಯಿತು, ಬಯಲಿನ ಹಾಡು ಬಂತು. ದನಿ ಏರಿತು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ಒಡೆಯಿತು.

ಬೇರೆಯವರಿಗೆ ಅದು ಕೆಮ್ಮಿನ ಹಾಗೆ ಕೇಳಿಸಿರಬಹುದು. ಕಂಚುಗಾರನಿಗೆ ಹಾಗೆ ಕೇಳಿಸಲಿಲ್ಲ. ಬಿರುಕು ಬಿಟ್ಟ ಕಂಚಿನ ದನಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಒಡೆದ ಗಂಟೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಗಂಟಲನ್ನು ಯಾವ ಮೂಸೆಯಲ್ಲಿ ಕರಗಿಸುವುದು?

ಹಾಡುಗಾರ ಮತ್ತೆ ಪ್ರಯತ್ನಿಸಿದ. ದನಿ ಹೊರಡಲಿಲ್ಲ. ದೀಪಕ್ಕೆ ಇನ್ನೂ ಹೊತ್ತಿತ್ತು. ತಂಬೂರಿ ಮಿಡಿಯುತ್ತಲೇ ಇತ್ತು, ಹಾಡು ನಿಂತಿತ್ತು. ಮೇಳದ ನೇಮ ಎಲ್ಲರ ಕಣ್ಣೆದುರೇ ಮುರಿಯುತ್ತಿತ್ತು. ಅಷ್ಟೆತ್ತರದಿಂದ ಹಾಡನ್ನು ಎತ್ತಿಕೊಳ್ಳುವ ದನಿ ಮೇಳದ ಉಳಿದವರಲ್ಲಿ ಯಾರಿಗೂ ಇರಲಿಲ್ಲ.

ಆಗ ಹಿಂದಿನಿಂದ ಮಜ್ಜಿಗೆಯವಳು ಎದ್ದು ನಿಂತು ಮುಳ್ಳಿನ ಹಾಡು ಶುರು ಮಾಡಿದಳು. ಅವಳ ದನಿ ಒರಟು. ಪಕ್ಕದವರು ಸೇರಿದರು, ಅವರ ಪಕ್ಕದವರು ಸೇರಿದರು, ಇಡೀ ಊರು ಹಾಡಿತು.

ಕಂಚುಗಾರನ ಹತ್ತು ಜನ ಗೆಳೆಯರು ರೂಢಿಯಂತೆ ಎದ್ದು ಎಲೆ ಅಡಿಕೆಗೆ ಹೊರಟರು. ಅವನೂ ಅರ್ಧ ಎದ್ದಿದ್ದ. ಅವನ ಕಣ್ಣು ಹಾಡುಗಾರನ ಮುಖದ ಮೇಲೆ ಬಿತ್ತು. ಹಾಡುಗಾರನ ಬಾಯಿ ಮುಚ್ಚಿತ್ತು. ಅವನು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತ, ಕಂಚುಗಾರ ಕೊಟ್ಟ ತಾಳವನ್ನು ಮೆಲ್ಲಗೆ ತಟ್ಟುತ್ತಿದ್ದ. ಮೇಳದ ಉಳಿದ ನಾಲ್ವರಿಗೂ ಇದು ಹೊಸದಾಗಿರಲಿಲ್ಲ. ದಿನವೂ ಮಾಡುವ ಕೆಲಸದ ಹಾಗೆ ಅವರು ಊರಿನ ದನಿಗೆ ತಂಬೂರಿ ಹೊಂದಿಸುತ್ತಿದ್ದರು. ಕಂಚುಗಾರ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹಾಡಿಗೆ ಕೂತ.

ಜನ ಹಾಡನ್ನು ಮುಗಿಸಿ ಮತ್ತೆ ಮೊದಲಿನಿಂದ ಹಾಡಿದರು. ದೀಪ ಹಚ್ಚುವವರೆಗೆ ಅದನ್ನೇ ಹಾಡಿದರು. ಆಮೇಲೆ ಕಂಚುಗಾರ ಹಾಡುಗಾರನ ಹತ್ತಿರ ಹೋದ.

"ಎಷ್ಟು ವರ್ಷದಿಂದ ಹಿಂಗ?"

"ಏಳು ವರ್ಷ ಆತು," ಎಂದ ಹಾಡುಗಾರ. ದನಿ ಪಿಸುಮಾತಿನಷ್ಟೇ ಇತ್ತು. "ಅದನ್ನ ಊರು ಹಾಡ್ತಿತ್ತು, ಅಷ್ಟೊತ್ತು ಗಂಟಲಿಗೆ ಬಿಡುವು ಸಿಗ್ತಿತ್ತು. ಆ ಬಿಡುವಿನ ಮ್ಯಾಲ ನಿನ್ನ ಬಯಲಿನ ಹಾಡು ನಡೀತಿತ್ತು."

"ಮುಂಜಾನೆ ಹೇಳಬಾರದಾಗಿತ್ತೇನು? ನಾನು ಬಾಯಿ ಮುಚಗೊಂಡು ಕೂಡ್ತಿದ್ದೆ!"

"ಊರ ಮುಂದ ನಿಂತು, ನನ್ನ ದನಿ ಹೋಗೇತಿ ಅಂತ ಹಾಡುಗಾರ ಯಾವ ಬಾಯಿಂದ ಹೇಳಬೇಕು?"

ಕಂಚುಗಾರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೂದಲೆಳೆಯಷ್ಟು ಬಿರುಕನ್ನು ಹಿಡಿಯುವ ಕಿವಿ ಇದು. ಏಳು ವರ್ಷ ಕೆರೆ ಏರಿಯ ಆಚೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿತ್ತು.

ಮರುವರ್ಷವೂ ಮೇಳ ಬಂತು. ಹಿರಿಯ ಹಾಡುಗಾರ ಒಂದು ಬದಿಗೆ ಕೂತು ತಾಳ ಹಾಕಿದ. ಮುಳ್ಳಿನ ಹಾಡು ಇತ್ತು. ಬಯಲಿನ ಹಾಡನ್ನು ಏರಿಸಬಲ್ಲವರು ಮೇಳದಲ್ಲಿ ಯಾರೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನ ಕೈಯಲ್ಲಿ ಒಂದೇ ಒಂದು ಅವರೆಕಾಯಿ ಆಗಿನಿಂದ ಹಾಗೇ ಇತ್ತು. ಅವನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಅದು ಆಗಿನ ಕಾಲ ಆತ್ರಿ," ಎಂದ. "ಆದ್ರ ನಾವು ಹೇಳೂದ್ರಾಗ ಸುಳ್ಳೇನೈತಿ? 'ಖಾಲಿ ಬಸ್ಸು' ಅಷ್ಟು ಹೊಗಳೋ ಹಾಡೇನ್ರಿ?"

"ಅಲ್ಲ," ಎಂದರು ಗುರುಗಳು. "ನಿನ್ನ ಮಾತು ಖರೇ ಐತಿ. ಕಂಚುಗಾರಂದೂ ಖರೇನ ಇತ್ತು."

ಕೊಟ್ರಯ್ಯನ ಮುಖ ಅರಳಿತು. ಗುರುಗಳು ಅವನ ಕೈಯಿಂದ ಆ ಅವರೆಕಾಯಿಯನ್ನು ತೆಗೆದುಕೊಂಡು ತಾವೇ ಸುಲಿದರು.

"ಶನಿವಾರ ನಿನ್ನ ಹಾಡುಗಾರ ಎಲ್ಲಿ ಉಸಿರು ತಗೋತಾನಪ್ಪ, ಕೊಟ್ರಯ್ಯ?"