ಕಮ್ಮಿ ಇದೆ ಎನ್ನಲಾರದವನು

ಗುರುಗಳ ಆಶ್ರಮಕ್ಕೆ ಬರುವವರು ಹಣ್ಣು ತರುತ್ತಾರೆ, ಹೂವು ತರುತ್ತಾರೆ. ಬೋರಲಿಂಗಯ್ಯ ಎಕ್ಸ್‌ರೇ ತಂದ.

ಗುರುಗಳು ಅದನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಚೆನ್ನಾಗಿ ಬಂದಿದ್ದೀಯ," ಎಂದರು.

ಬೋರಲಿಂಗಯ್ಯನಿಗೆ ನಗು ಬರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಜಗಲಿಯ ಕಂಬಕ್ಕೆ ಒರಗಿದ.

ಪಟ್ಟಣದಲ್ಲಿ ಅವನದೊಂದು ಬಳೆ ಅಂಗಡಿ. ಯಾರದೋ ಮದುವೆ ಮುಗಿಸಿಕೊಂಡು ಬರುವಾಗ ಅವನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ಕಾರು ಗುಜರಿಗೆ ಹೋಯಿತು, ಅವನು ಆಸ್ಪತ್ರೆಗೆ ಹೋದ. ಪರಿಹಾರಕ್ಕೆ ಕೇಸು ಹಾಕಿದ, ಗೆದ್ದ. ದುಡ್ಡು ಬಂತು. ಬೆನ್ನುನೋವು ಹೋಗಲಿಲ್ಲ.

"ಬುದ್ಧಿ, ಈ ನೋವು ಹೋಗುವ ಹಾಗೆ ಮಾಡಿ."

"ಡಾಕ್ಟರು ಏನಂದರು?"

"ಜೀವ ಇರೋತನಕ ಇರುತ್ತೆ ಅಂದರು."

"ಅವರು ಹೇಳಿದ ಮೇಲೆ ಮುಗೀತಲ್ಲ. ಬೇರೆ ಏನಾದರೂ ಕೇಳು."

ಬೋರಲಿಂಗಯ್ಯ ಕಂಬ ಬಿಟ್ಟು ಹತ್ತಿರ ಬಂದ.

"ನನ್ನ ಹೆಂಡತಿ ಮಾತು ಬಿಟ್ಟಿದ್ದಾಳೆ ಬುದ್ಧಿ. ಮೊದಲೆಲ್ಲ ಬೆಳಿಗ್ಗೆ ಕಾಫಿ ಕೊಡುವಾಗ 'ಹೇಗಿದೆ ರೀ' ಅಂತ ಕೇಳೋಳು. ಈಗ ಲೋಟ ಇಡ್ತಾಳೆ, ಹೋಗ್ತಾಳೆ. ಇವತ್ತು ನನ್ನನ್ನ ಇಲ್ಲಿ ಇಳಿಸಿ, ಭಾನುವಾರ ಬರ್ತೀನಿ ಅಂದು ಹೊರಟೇಹೋದಳು. ಮುಖ ಕೂಡ ನೋಡಲಿಲ್ಲ. ಬರದೇ ಇದ್ದರೆ ಏನು ಮಾಡಲಿ?"

"ಹೇಗಿದೆ ಅಂದಾಗ ನೀನು ಏನಂತಿದ್ದೆ?"

"ಹಾಗೇ ಇದೆ ಅಂತಿದ್ದೆ."

"ದಿನಾ?"

"ದಿನಾ."

"ಒಂದು ಗಳಿಗೆಯೂ ಕಮ್ಮಿ ಆಗಲಿಲ್ಲವೇ?"

ಬೋರಲಿಂಗಯ್ಯ ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಹಾಗೇ ಇದೆ ಬುದ್ಧಿ."

"ಊಟಕ್ಕೆ ಏಳು," ಎಂದರು ಗುರುಗಳು.

ಆಶ್ರಮದಲ್ಲಿ ಅವನು ಲಾರಿಯ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಹೇಳಿದಾಗಲೆಲ್ಲ ಲಾರಿ ಒಂದು ಗೇಣು ಬೆಳೆಯಿತು. ನೋವು ಮಾತ್ರ ಹಾಗೇ ಇತ್ತು.

ಅವನಿಗೆ ಒಪ್ಪಿಸಿದ್ದು ಹಗುರವಾದ ಕೆಲಸ: ಗುರುಗಳು ಹೊಳೆಯಲ್ಲಿ ಮುಳುಗಿ ಬರುವ ತನಕ ಅವರ ಕನ್ನಡಕ ಕಾಯುವುದು. ಅದನ್ನೂ ಅವನು ನರಳುತ್ತಲೇ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಕೋತಿಯೊಂದು ಕನ್ನಡಕ ಎತ್ತಿಕೊಂಡು ಓಡಿತು. ಎತ್ತಿಕೊಂಡಲ್ಲ, ಹಾಕಿಕೊಂಡೇ ಓಡಿತು ಎನ್ನುವವರೂ ಇದ್ದಾರೆ. ಹಾಗಿದ್ದರೆ ಕಥೆಗೆ ಇನ್ನೂ ಕಳೆ.

"ಏಯ್!" ಎಂದವನೇ ಬೋರಲಿಂಗಯ್ಯ ಅದರ ಹಿಂದೆ ಬಿದ್ದ. ಮೆಟ್ಟಿಲು ಇಳಿದ, ಮರಳು ದಾಟಿದ, ಆಲದ ಬಿಳಲು ಹಿಡಿದು ಜಗ್ಗಿದ. ಯಾರೋ ಬಾಳೆಹಣ್ಣು ಎಸೆದರು. ಕೋತಿ ಹಣ್ಣಿಗೆ ಕೈಚಾಚಿತು, ಕನ್ನಡಕ ಕೆಳಗೆ ಬಿತ್ತು. ಬೋರಲಿಂಗಯ್ಯ ಅದನ್ನು ಎತ್ತಿಕೊಂಡು, ನೆಟ್ಟಗೆ ನಿಂತು, ಕುಸ್ತಿ ಗೆದ್ದವನ ಹಾಗೆ ಕೈ ಮೇಲೆತ್ತಿ ತೋರಿಸಿದ.

ದರ್ಶನಕ್ಕೆ ಬಂದಿದ್ದ ಒಬ್ಬಾತ ಕೋತಿಯ ಫೋಟೋ ತೆಗೆಯೋಣವೆಂದು ಮೊಬೈಲು ಎತ್ತಿದ.

ಅಷ್ಟೇ. ಬೋರಲಿಂಗಯ್ಯ ಸೊಂಟ ಹಿಡಿದುಕೊಂಡು ಬಿಲ್ಲಿನ ಹಾಗೆ ಬಗ್ಗಿದ. "ಅಯ್ಯಮ್ಮಾ," ಎಂದ.

ಪಾತ್ರೆ ತಿಕ್ಕುತ್ತಿದ್ದ ಅಡುಗೆಯ ಚೌಡಪ್ಪ ನಕ್ಕುಬಿಟ್ಟ.

"ಏನ್ ಬೋರಲಿಂಗಯ್ಯನೋರೇ, ಸೊಂಟನೋವು ಕೋತಿ ಜೊತೆ ಮರ ಹತ್ತಿತ್ತಾ? ಈಗ ಇಳೀತಾ?"

ದಂಡೆಯಲ್ಲಿದ್ದವರೆಲ್ಲ ನಕ್ಕರು. ಬೋರಲಿಂಗಯ್ಯನ ಮುಖ ಕಪ್ಪಿಟ್ಟಿತು.

ಗುರುಗಳು ನೀರು ಬಸಿಯುತ್ತಾ ಮೇಲೆ ಬಂದರು.

"ಚೌಡಪ್ಪ, ನೋವಿದ್ದವನು ಓಡಕೂಡದು ಅಂತ ಯಾವ ಶಾಸ್ತ್ರದಲ್ಲಿದೆ? ತಳ ಸರಿಯಾಗಿ ತಿಕ್ಕು. ನಿನ್ನೆ ಸಾರು ಸೀದಿತ್ತು."

ಆಮೇಲೆ ಬೋರಲಿಂಗಯ್ಯನನ್ನು ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತರು.

"ಓಡುವಾಗ ನೋವಿತ್ತಾ?"

"ಇತ್ತು ಬುದ್ಧಿ. ದೇವರಾಣೆಗೂ ಇತ್ತು."

"ನಂಬಿದೆ. ಆದರೆ ಓಡುವಾಗ ಬಗ್ಗಲಿಲ್ಲ, ಮೊಬೈಲು ಎತ್ತಿದಾಗ ಬಗ್ಗಿದೆ. ಕನ್ನಡಕ ಇಲ್ಲದೆಯೇ ನನಗೆ ಕಾಣಿಸಿತು. ಯಾಕೆ?"

ಬೋರಲಿಂಗಯ್ಯ ಕಾಲ ಕೆಳಗಿನ ಮರಳು ನೋಡುತ್ತಾ ಹೇಳಿದ:

"ಕೇಸು ನಡೆಯುವಾಗ ವಿಮೆಯವರು ನನ್ನ ಹಿಂದೆ ಒಬ್ಬನನ್ನು ಬಿಟ್ಟಿದ್ದರು. ನಾನು ನೆಟ್ಟಗೆ ನಡೆದರೆ, ಒಂದು ಚೀಲ ಎತ್ತಿದರೆ, ಫೋಟೋ ತೆಗೆಯೋಕೆ. ನಮ್ಮ ವಕೀಲರು ಹೇಳಿದ್ದರು: 'ಕಮ್ಮಿ ಇದೆ ಅನ್ನೋ ಮಾತು ನಿಮ್ಮ ಬಾಯಿಂದ ಬರಕೂಡದು. ಮನೆಯೋರ ಮುಂದೂ ಬೇಡ, ನಾಳೆ ಅವರನ್ನೂ ಕಟಕಟೆ ಹತ್ತಿಸ್ತಾರೆ' ಅಂತ. ನೋವು ನಿಜವೇ ಬುದ್ಧಿ. ಒಂದೊಂದು ಸಲ ಕಮ್ಮಿ ಆಗೋದೂ ನಿಜ. ಆದರೆ ಕಮ್ಮಿ ಆದಾಗಲೆಲ್ಲ ಏನೋ ಕದ್ದವನ ಹಾಗೆ ಹೆದರ್ತಿದ್ದೆ."

"ಕೇಸು ಮುಗಿದು?"

"ವರ್ಷದ ಮೇಲಾಯ್ತು."

"ಮತ್ತೆ ಇನ್ನೂ ಯಾರ ಮುಂದೆ ಸಾಕ್ಷಿ ಹೇಳ್ತಿದ್ದೀಯ ಮಾರಾಯ?"

"ಈಗ ಕಮ್ಮಿ ಇದೆ ಅಂದರೆ, ಅವತ್ತು ಹೇಳಿದ್ದೆಲ್ಲ ಸುಳ್ಳು ಅಂತಾಗೋಲ್ಲವೇ? ಜನ ಬಿಡಿ, ಅವಳೇ ಹಾಗೆ ಅಂದುಕೊಂಡರೆ?"

ಗುರುಗಳು ಹೊಳೆಯ ಕಡೆ ಕೈತೋರಿದರು.

"ನೀರು ಎಷ್ಟಿದೆ?"

"ಸೊಂಟದುದ್ದ ಇರಬಹುದು."

"ಮಳೆಗಾಲದಲ್ಲಿ?"

"ನಾವು ಕೂತಿರೋ ಈ ಮೆಟ್ಟಿಲೂ ಮುಳುಗುತ್ತೆ ಅಂತ ಚೌಡಪ್ಪ ಹೇಳ್ತಿದ್ದ."

"ಹಾಗಾದರೆ ಹೊಳೆ ಸುಳ್ಳು ಹೇಳೋದು ಯಾವಾಗ? ಈಗಲೋ, ಆಗಲೋ?"

ಬೋರಲಿಂಗಯ್ಯ ಬಿಸಿಲೇರುವ ತನಕ ಅಲ್ಲೇ ನೀರು ನೋಡುತ್ತಾ ಕೂತ.

ಭಾನುವಾರ ಜಯಶೀಲ ಬಂದಳು. ಆಲದ ಮರದಡಿ ಗಂಡನ ಎದುರು ಕೂತು, ತಂದಿದ್ದ ಡಬ್ಬಿ ಮುಂದಿಟ್ಟಳು. ಹೇಗಿದೆ ಎಂದು ಕೇಳಲಿಲ್ಲ.

ಬೋರಲಿಂಗಯ್ಯನಿಗೆ ಸುತ್ತ ಒಮ್ಮೆ ನೋಡಬೇಕೆನಿಸಿತು. ನೋಡಲಿಲ್ಲ.

"ಜಯಶೀಲಾ, ಈಗ ಕಮ್ಮಿ ಇದೆ."

"ಏನಂದ್ರಿ?"

"ಈ ಹೊತ್ತಿಗೆ ಕಮ್ಮಿ ಇದೆ ಅಂದೆ. ಸಂಜೆಗೆ ಜಾಸ್ತಿ ಆಗಬಹುದು. ಮೊದಲಿಂದಲೂ ಹೀಗೇ. ಒಂದೊಂದು ಸಲ ಕಮ್ಮಿ ಆಗೋದು. ವಕೀಲರು ಬೇಡ ಅಂದಿದ್ದರು. ನಿನಗೆ ಹೇಳಲಿಲ್ಲ."

ಅವಳು ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಆಮೇಲೆ ಶುರುವಾಯಿತು.

"ನನಗೂ ಹೇಳಲಿಲ್ಲ! ನಾನೇನು ವಿಮೆಯವಳಾ? ಎಣ್ಣೆ ತಿಕ್ಕಿದೆ, ಬಿಸಿನೀರು ಹಾಕಿದೆ, ಹರಕೆ ಹೊತ್ತೆ. ದಿನಾ ಕೇಳಿದರೆ ಒಂದೇ ಮಾತು, ಹಾಗೇ ಇದೆ, ಹಾಗೇ ಇದೆ! ನಾನು ಮಾಡಿದ್ದು ಯಾವುದೂ ನಾಟುತ್ತಿಲ್ಲ ಅಂತ ಕೇಳೋಕೇ ಭಯ ಆಗಿ ಬಿಟ್ಟೆ ಕಣ್ರೀ! ಬಳೆ ಪೆಟ್ಟಿಗೆ ಎತ್ತಿ ಅಂದೆನಾ ನಿಮಗೆ? ಕಮ್ಮಿ ಇದ್ದಾಗ ಒಂದು ಸಂಜೆ ಅಂಗಡಿಗೆ ಬಂದು ಪಕ್ಕದಲ್ಲಿ ಕೂತು ಹರಟೆ ಹೊಡೀಬಹುದಿತ್ತಲ್ಲ! ಥೂ, ಎಂಥ ಗಂಡಸು ನೀವು!"

ಚೌಡಪ್ಪ ಮೆಲ್ಲಗೆ ಪಾತ್ರೆ ಎತ್ತಿಕೊಂಡು ಒಳಗೆ ಹೋದ. ಬೋರಲಿಂಗಯ್ಯನೂ ಎದ್ದು, ಬೆನ್ನು ಹಿಡಿದುಕೊಂಡು ಗುರುಗಳ ಹತ್ತಿರ ಬಂದ.

"ಬುದ್ಧಿ, ನಿಜ ಹೇಳಿದೆ, ಕೆಟ್ಟೆ. ಬಾಯಿಗೆ ಬಂದ ಹಾಗೆ ಬೈತಿದ್ದಾಳೆ. ಆಕ್ಸಿಡೆಂಟ್ ಆದ ಮೇಲೆ ಒಂದು ಸಲವೂ ನನಗೆ ಬೈದವಳಲ್ಲ."

ಗುರುಗಳು ಮರದಡಿಗೆ ಕಣ್ಣು ಹಾಯಿಸಿದರು. ಎದುರಿಗೆ ಯಾರೂ ಇಲ್ಲದಿದ್ದರೂ ಅಲ್ಲಿ ಮಾತು ಒಂದೇ ಸಮ ನಡೆದಿತ್ತು.

"ರೋಗಿಯ ಹತ್ತಿರ ಯಾರು ಜಗಳ ಆಡ್ತಾರಪ್ಪ? ಇವತ್ತು ಅವಳಿಗೆ ಗಂಡ ಸಿಕ್ಕಿದ್ದಾನೆ. ನಿಧಾನವಾಗಿಯೇ ಹೋಗು, ಅಷ್ಟು ಬೇಗ ಮುಗಿಯೋದಿಲ್ಲ."